ತಲೆಯ ಮೇಲೆ ಎರಡು ಕೈ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಪಾಲಕರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)





ಈ ವೇದಿಕೆಯಲ್ಲಿ ಪ್ರತಿ ವರ್ಷ ನಾವು ಮಕ್ಕಳ ತಲೆಗೆ ವಿದ್ಯೆ ತುಂಬುವುದರ ಬಗ್ಗೆ ಮಾತನಾಡುತ್ತೇವೆ. ಎಸ್ಸೆಸ್ಸೆಲ್ಸಿ ಫಲಿತಾಂಶ, ವಿದ್ಯಾರ್ಥಿವೇತನ, ಇಂಗ್ಲಿಷ್ ಕಲಿಕೆ, ಸ್ಪರ್ಧಾತ್ಮಕ ಪರೀಕ್ಷೆ ಎಲ್ಲವೂ ಮುಖ್ಯವೇ. ಈ ಸಲ ನಿಮ್ಮ ಅನುಮತಿಯಿಂದ ನಾನು ಆ ತಲೆಯ ಬಗ್ಗೆಯೇ ನಾಲ್ಕು ಮಾತು ಆಡಬಯಸುತ್ತೇನೆ. ವಿಷಯ ಬಹಳ ಸಣ್ಣದು: ಮನೆಯಲ್ಲಿ ಒಬ್ಬರು ಇನ್ನೊಬ್ಬರ ತಲೆಗೆ ಮಾಲಿಶ್ ಮಾಡುವುದು ಹೇಗೆ. ಯಾವ ಪಠ್ಯಪುಸ್ತಕದಲ್ಲೂ ಈ ಪಾಠ ಇಲ್ಲ. ಆದರೆ ಹದಿನೈದು ನಿಮಿಷ, ಎರಡು ಕೈ, ಬೇಕೆಂದರೆ ಎರಡು ಚಮಚ ಎಣ್ಣೆ, ಇಷ್ಟಿದ್ದರೆ ಯಾರು ಬೇಕಾದರೂ ಕಲಿಯಬಹುದು. ಕಲಿತರೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಒಂದಿಷ್ಟು ಪದಗಳು

ನಾನು ಭಾಷಾ ಶಿಕ್ಷಕ. ಆದ್ದರಿಂದ ಪದಗಳಿಂದಲೇ ಆರಂಭಿಸುತ್ತೇನೆ. ಮಾಲಿಶ್ ಎಂಬುದು ಫಾರ್ಸಿಯಿಂದ ಬಂದ ಪದ. ಮಾಲೀದನ್ ಅಂದರೆ ಉಜ್ಜುವುದು, ತಿಕ್ಕುವುದು. ಚಂಪಿ ಎಂಬುದು ನಮ್ಮ ದೇಶದ್ದೇ. ಚಾಂಪ್ನಾ ಅಂದರೆ ಒತ್ತುವುದು, ಹಿಸುಕುವುದು. ಅದರ ವಿಧ್ಯರ್ಥ ರೂಪ ಚಾಂಪೋ, ಅಂದರೆ 'ಒತ್ತು'. ಈ ಚಾಂಪೋ ಇಂಗ್ಲಿಷಿಗೆ ಹೋಗಿ ಶಾಂಪೂ ಆಯಿತು. ಇಂದು ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ಶಾಂಪೂ ನಿಮ್ಮ ಅಜ್ಜಿಯ ಬೆರಳುಗಳ ಹೆಸರನ್ನು ಹೊತ್ತುಕೊಂಡಿದೆ.

ಈ ಪದ ಇಂಗ್ಲೆಂಡಿನಲ್ಲಿ ಮನೆಮಾತಾಗಲು ಮುಖ್ಯ ಕಾರಣ ಪಟ್ನಾದ ಒಬ್ಬ ವ್ಯಕ್ತಿ. ಶೇಖ್ ದೀನ್ ಮುಹಮ್ಮದ್, 1759ರಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಜೊತೆ ಸೇರಿಕೊಂಡು, 1784ರಲ್ಲಿ ಐರ್ಲೆಂಡಿಗೆ ಹೋದರು. 1794ರಲ್ಲಿ ತಮ್ಮ ಪ್ರವಾಸದ ಪುಸ್ತಕ ಪ್ರಕಟಿಸಿದರು. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕ ಅದು. 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಊಟದ ಹೋಟೆಲು ತೆರೆದರು, ಅದು ನಷ್ಟವಾಗಿ ದಿವಾಳಿಯಾದರು. ಕೈಕಟ್ಟಿ ಕೂರಲಿಲ್ಲ. ಬ್ರೈಟನ್ ಎಂಬ ಕಡಲತೀರದ ಊರಿಗೆ ಹೋಗಿ ಹಬೆಸ್ನಾನ ಮತ್ತು ಚಂಪಿಯ ಮನೆ ತೆರೆದರು. 1822ರಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೂ ಬರೆದರು. ಕೊನೆಗೆ ಇಂಗ್ಲೆಂಡಿನ ದೊರೆ ನಾಲ್ಕನೇ ಜಾರ್ಜ್ ಅವರನ್ನು ತಮ್ಮ 'ಶಾಂಪೂಯಿಂಗ್ ಸರ್ಜನ್' ಆಗಿ ನೇಮಿಸಿಕೊಂಡರು. 1851ರಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಶಾಂಪೂ ಅಂದರೆ ಮೈಯೊತ್ತುವುದೇ. ತಲೆ ತೊಳೆಯುವುದು ಎಂಬ ಅರ್ಥ ಅದಕ್ಕೆ ಬಂದದ್ದು ಆ ಶತಮಾನದ ಉತ್ತರಾರ್ಧದಲ್ಲಿ.

ಇನ್ನೊಂದು ಪದ ಹೇಳುತ್ತೇನೆ, ಅದು ನೋವಿನದು. ಅರಬ್ಬಿಯಲ್ಲಿ ಹಜ್ಜಾಮ್ ಅಂದರೆ ಕೊಂಬು ಅಥವಾ ಬಟ್ಟಲಿಟ್ಟು ರಕ್ತ ತೆಗೆದು ಚಿಕಿತ್ಸೆ ಮಾಡುವವನು, ಒಬ್ಬ ವೈದ್ಯಸಹಾಯಕ. ಆ ಪದ ನಮ್ಮ ಊರುಗಳಿಗೆ ಬಂದು ಕ್ಷೌರಿಕನ ಹೆಸರಾಯಿತು, ಮುಂದೆ ಬೈಗುಳವೇ ಆಯಿತು. ಶಾಲೆಯ ಮೈದಾನದಲ್ಲಿ ಮಕ್ಕಳು ಆ ಪದದಿಂದ ಜಗಳವಾಡುವುದನ್ನು ಕೇಳಿದ್ದೇನೆ. ದಣಿದವರ ತಲೆಗೆ ನೆಮ್ಮದಿ ಕೊಡುವ ಕೈಯನ್ನು ಬೈಗುಳ ಮಾಡಿಕೊಂಡ ನಾವು ಯಾವ ದೊಡ್ಡ ವಿದ್ಯಾವಂತರು? ವಿದ್ಯಾರ್ಥಿಗಳೇ, ಇಂದಿನಿಂದ ಆ ಪದವನ್ನು ಬೈಗುಳವಾಗಿ ಬಳಸಬೇಡಿ.

ಕನ್ನಡದಲ್ಲೂ ಒಂದು ಸೊಗಸಾದ ಪದ ಇದೆ: ನೀವು. ಇದು ಗೌರವದ ಸರ್ವನಾಮ ಎಂದು ನಿಮಗೆ ಗೊತ್ತು. ಇದೇ ರೂಪದ ಕ್ರಿಯಾಪದವೂ ಇದೆ. ಬೆನ್ನು ನೀವಿದಳು, ತಲೆ ನೀವಿದನು ಎನ್ನುತ್ತೇವಲ್ಲ, ಅದು. ಮೆಲ್ಲಗೆ ಸವರುವುದು ಎಂದರ್ಥ. ಎರಡೂ ಬೇರೆ ಬೇರೆ ಪದಗಳು, ಆದರೆ ಗೌರವ ಕೊಡುವುದೂ ತಲೆ ಸವರುವುದೂ ಒಂದೇ ಉಚ್ಚಾರದಲ್ಲಿ ಸೇರಿಕೊಂಡದ್ದು ನನಗೆ ಇಷ್ಟ.

ತಲೆ ಏಕೆ ದಣಿಯುತ್ತದೆ

ಈಗ ಎಲ್ಲರೂ ಕೂತಲ್ಲೇ ಒಂದು ಪ್ರಯೋಗ ಮಾಡಿ. ಕಣ್ಣಿನ ಅಂಚಿಗೂ ಕಿವಿಗೂ ನಡುವೆ ಇರುವ ತಗ್ಗಿನಲ್ಲಿ, ಅಂದರೆ ಕಣತಲೆಯಲ್ಲಿ, ಎರಡು ಬೆರಳಿಡಿ. ಹಲ್ಲು ಕಚ್ಚಿ, ಬಿಡಿ. ಬೆರಳ ಕೆಳಗೆ ಉಬ್ಬಿ ಇಳಿದದ್ದು ದವಡೆಯನ್ನು ಎಳೆಯುವ ಸ್ನಾಯು. ಸಿಟ್ಟು ಬಂದಾಗ, ಲೆಕ್ಕ ಬಿಡಿಸುವಾಗ, ಬಸ್ಸು ತಪ್ಪಿದಾಗ ನಮಗೆ ಅರಿವಿಲ್ಲದೆಯೇ ಹಲ್ಲು ಕಚ್ಚಿರುತ್ತೇವೆ. ಈ ಸ್ನಾಯು ಗಂಟೆಗಟ್ಟಲೆ ಬಿಗಿದೇ ಇರುತ್ತದೆ.

ಈಗ ಹುಬ್ಬು ಮೇಲೆತ್ತಿ. ಹಣೆಯ ಜೊತೆಗೆ ತಲೆಯ ಚರ್ಮವೂ ಸರಿಯಿತು, ಅಲ್ಲವೇ? ಹಣೆಯ ಸ್ನಾಯುವಿಗೂ ತಲೆಯ ಹಿಂಬದಿಯ ಸ್ನಾಯುವಿಗೂ ನಡುವೆ ಒಂದು ಗಟ್ಟಿ ಪದರ ಟೋಪಿಯಂತೆ ಹರಡಿಕೊಂಡಿದೆ. ಅದರ ಕೆಳಗೆ ಸಡಿಲವಾದ ಇನ್ನೊಂದು ಪದರ ಇರುವುದರಿಂದಲೇ ತಲೆಯ ಚರ್ಮ ಮೂಳೆಯ ಮೇಲೆ ಜಾರುತ್ತದೆ. ಇದನ್ನು ನೆನಪಿಡಿ, ಮಾಲಿಶ್‌ನ ಗುಟ್ಟೆಲ್ಲ ಇಲ್ಲೇ ಇದೆ.

ಮೂರನೆಯದು. ತಲೆಬುರುಡೆ ಮುಗಿದು ಹೆಕ್ಕತ್ತು ಆರಂಭವಾಗುವಲ್ಲಿ ಬೆರಳೂರಿ, ತಲೆ ಅಲ್ಲಾಡಿಸದೆ ಕಣ್ಣುಗುಡ್ಡೆಗಳನ್ನು ಮಾತ್ರ ಎಡಕ್ಕೆ ಬಲಕ್ಕೆ ಹೊರಳಿಸಿ. ಸೂಕ್ಷ್ಮವಾಗಿ ಗಮನಿಸಿದರೆ ಸಣ್ಣ ಅಲುಗಾಟ ತಿಳಿಯುತ್ತದೆ. ಕಣ್ಣು ದುಡಿದರೆ ಕುತ್ತಿಗೆಯೂ ದುಡಿಯುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ನಮ್ಮ ತಲೆ ಸುಮಾರು ಐದು ಕಿಲೋ ತೂಗುತ್ತದೆ. ನೇರ ಕುಳಿತಾಗ ಮೂಳೆಗಳು ಆ ಭಾರ ಹೊರುತ್ತವೆ. ಪುಸ್ತಕದ ಮೇಲೋ ಮೊಬೈಲಿನ ಮೇಲೋ ಬಾಗಿದಾಗ ಹೆಕ್ಕತ್ತಿನ ಸ್ನಾಯುಗಳು ಹೊರಬೇಕು. 2014ರಲ್ಲಿ ನ್ಯೂಯಾರ್ಕಿನ ಬೆನ್ನುಮೂಳೆ ಶಸ್ತ್ರವೈದ್ಯರೊಬ್ಬರು ಲೆಕ್ಕ ಹಾಕಿ ತೋರಿಸಿದಂತೆ, ತಲೆ 60 ಡಿಗ್ರಿ ಬಾಗಿದರೆ ಕುತ್ತಿಗೆಯ ಮೇಲೆ ಬೀಳುವ ಹೊರೆ ಸುಮಾರು 27 ಕಿಲೋ. ಒಂದು ಮೂಟೆ ಸಿಮೆಂಟಿನ ಅರ್ಧಕ್ಕಿಂತ ಹೆಚ್ಚು! ನಮ್ಮ ತಾಯಂದಿರು ಒಲೆಯ ಮುಂದೆ, ಹೊಲಿಗೆ ಯಂತ್ರದ ಮುಂದೆ, ಬೀಡಿಯ ಮೊರದ ಮುಂದೆ ಬಾಗಿ ಕೂರುವ ಗಂಟೆಗಳನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಹಣೆಗೆ ಬಟ್ಟೆ ಬಿಗಿದು ಕಟ್ಟಿದಂತೆ ಬರುವ ತಲೆನೋವು ಜನರಲ್ಲಿ ಅತಿ ಸಾಮಾನ್ಯವಾದದ್ದು. ಅಂಥ ಬಿಗಿತಕ್ಕೆ ನಿದ್ದೆ, ನೀರು, ವಿಶ್ರಾಂತಿಯ ಜೊತೆಗೆ ಇನ್ನೊಬ್ಬರ ಕೈ ಒಳ್ಳೆಯ ಸಹಾಯ ಮಾಡುತ್ತದೆ.

ಸಿದ್ಧತೆ

ಮೊದಲು ನಿಮ್ಮ ಉಗುರು ಕತ್ತರಿಸಿ, ಕೈ ತೊಳೆಯಿರಿ. ಉಂಗುರ, ಗಡಿಯಾರ ತೆಗೆದಿಡಿ. ಕೂರುವವರ ಕನ್ನಡಕ, ಕ್ಲಿಪ್ಪು, ಪಿನ್ನು ತೆಗೆಸಿ, ಜಡೆ ಬಿಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ಸಿಕ್ಕಿನ ಮೇಲೆಯೇ ಎಣ್ಣೆ ಸುರಿದರೆ ಮಾಲಿಶ್ ಹೋಗಿ ಶಿಕ್ಷೆಯಾಗುತ್ತದೆ.

ಚಿಕ್ಕವರಾದರೆ ನೆಲದ ಮೇಲೆ ಕೂರಿಸಿ ನೀವು ಕುರ್ಚಿಯಲ್ಲಿ ಕೂರಬಹುದು. ಹಿರಿಯರನ್ನು ಕುರ್ಚಿಯ ಮೇಲೆ ಕೂರಿಸಿ, ನೀವು ಹಿಂದೆ ನಿಲ್ಲಿ. ಮಂಡಿನೋವಿನ ದಾದಿಯನ್ನು ನೆಲಕ್ಕೆ ಇಳಿಸಿ ಮತ್ತೆ ಏಳಿಸುವ ಕಷ್ಟ ಬೇಡ. ಅವರ ಎರಡೂ ಪಾದ ನೆಲಕ್ಕೆ ಊರಿರಲಿ, ಭುಜದ ಮೇಲೆ ಹಳೆಯ ಟವೆಲು ಇರಲಿ. ಟಿ.ವಿ. ಬಂದ್ ಮಾಡಿ. ಮೊಬೈಲು ಬೇರೆ ಕೋಣೆಯಲ್ಲಿರಲಿ, ನಿಮ್ಮದೂ ಸಹ.

ಎಣ್ಣೆ ಕಡ್ಡಾಯವಲ್ಲ. ಬೇಕೆಂದರೆ ಎರಡು ಚಮಚ ಸಾಕು. ಕರಾವಳಿಯವರು ಕೊಬ್ಬರಿ ಎಣ್ಣೆ ಹಚ್ಚುತ್ತಾರೆ, ಕೆಲವು ಮನೆಗಳಲ್ಲಿ ಹರಳೆಣ್ಣೆ, ಎಳ್ಳೆಣ್ಣೆ, ಸ್ಥಿತಿವಂತರಲ್ಲಿ ಬಾದಾಮಿ ಎಣ್ಣೆ. ಹರಳೆಣ್ಣೆ ಬಲು ಅಂಟು, ಆದ್ದರಿಂದ ತೆಳ್ಳನೆಯ ಎಣ್ಣೆಯ ಜೊತೆ ಬೆರೆಸಿಕೊಳ್ಳಿ. ಎಣ್ಣೆಯನ್ನು ನೇರವಾಗಿ ಗ್ಯಾಸಿನ ಮೇಲೆ ಕಾಯಿಸಬೇಡಿ. ನೀರಿನಂತೆ ಎಣ್ಣೆ ಹಬೆ ತೋರಿಸುವುದಿಲ್ಲ, ಎಷ್ಟು ಕಾದಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಬಿಸಿನೀರಿನ ಪಾತ್ರೆಯೊಳಗೆ ಎಣ್ಣೆಯ ಬಟ್ಟಲನ್ನು ಐದು ನಿಮಿಷ ಇಡಿ, ನಿಮ್ಮ ಮಣಿಕಟ್ಟಿನ ಒಳಬದಿಗೆ ಒಂದು ಹನಿ ಹಾಕಿ ನೋಡಿ. ಬೆಚ್ಚಗಿದ್ದರೆ ಸರಿ.

ನಾಲ್ಕು ಕ್ರಿಯಾಪದಗಳು

ನನ್ನ ತರಗತಿಯಲ್ಲಿ ಈ ಇಡೀ ವಿದ್ಯೆಯನ್ನು ನಾಲ್ಕು ಕ್ರಿಯಾಪದಗಳಲ್ಲಿ ಕಲಿಸುತ್ತೇನೆ: ನೀವು, ಜರುಗಿಸು, ಒತ್ತು, ತಟ್ಟು.

ಮೊದಲನೆಯದು ನೀವು. ಎರಡೂ ಅಂಗೈಗಳನ್ನು ತಲೆಯ ಎರಡು ಬದಿಗೆ ಮೆಲ್ಲಗೆ ಇಟ್ಟು ಸುಮ್ಮನಿರಿ. ಮೂರು ಸಲ ಅವರು ಉಸಿರು ಎಳೆದು ಬಿಡುವವರೆಗೆ ಏನನ್ನೂ ಮಾಡಬೇಡಿ. ಅವಸರದವರಿಗೆ ಇದೇ ಅತ್ಯಂತ ಕಷ್ಟದ ಭಾಗ. ನಂತರ ಹಣೆಯ ಕೂದಲಂಚಿನಿಂದ ನೆತ್ತಿಯ ಮೇಲೆ ಹಾದು ಹೆಕ್ಕತ್ತಿನವರೆಗೆ ನಿಧಾನವಾಗಿ ಸವರಿ. ಎಷ್ಟು ನಿಧಾನ? 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಜನರ ಮುಂಗೈಯ ಮೇಲೆ ಮೃದುವಾದ ಬ್ರಷ್ ಆಡಿಸಿ ಪರೀಕ್ಷಿಸಿದಾಗ, ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ಸವರುವಿಕೆಯೇ ಹಿತವೆನಿಸಿತು. ಚರ್ಮದಲ್ಲಿರುವ ಒಂದು ಬಗೆಯ ನರತಂತುಗಳು ಅದೇ ವೇಗಕ್ಕೆ ಹೆಚ್ಚು ಸ್ಪಂದಿಸಿದವು. ತಾಯಿ ಮಗುವಿನ ಮೈ ಸವರುವುದೂ ಹೆಚ್ಚು ಕಡಿಮೆ ಇದೇ ವೇಗದಲ್ಲಿ. ಆದ್ದರಿಂದ ಹಣೆಯಿಂದ ಹೆಕ್ಕತ್ತಿಗೆ ತಲುಪಲು ಐದಾರು ಸೆಕೆಂಡು ತೆಗೆದುಕೊಳ್ಳಿ. ಎರಡು ಮೂರು ನಿಮಿಷ ಹೀಗೆ ಸಾಗಲಿ.

ಎರಡನೆಯದು ಜರುಗಿಸು. ಬೆರಳುಗಳ ಮೆತ್ತನೆಯ ತುದಿಗಳನ್ನು ಕೂದಲ ಬುಡಕ್ಕೆ ಊರಿ. ಬೆರಳು ಕೂದಲಿನ ಮೇಲೆ ಜಾರಬಾರದು. ಬೆರಳು ಹಿಡಿದ ಚರ್ಮವೇ ಮೂಳೆಯ ಮೇಲೆ ಜರುಗಬೇಕು. ಸಣ್ಣ ಸಣ್ಣ ವೃತ್ತವಾಗಿ ಐದಾರು ಸಲ ತಿರುಗಿಸಿ, ಬೆರಳೆತ್ತಿ, ಒಂದಂಗುಲ ಮುಂದೆ ಊರಿ. ಹಣೆಯಂಚಿನಿಂದ ನೆತ್ತಿಗೆ, ಕಿವಿಯ ಮೇಲಿನಿಂದ ನೆತ್ತಿಗೆ, ಹೆಕ್ಕತ್ತಿನಿಂದ ನೆತ್ತಿಗೆ ಹೀಗೆ ಮೂರು ದಾರಿ. ಕಾಲರಿನ ಕೊಳೆ ಉಜ್ಜುವಂತೆ ಉಜ್ಜಿದರೆ ಕೂದಲು ಸಿಕ್ಕಾಗಿ ತುಂಡಾಗುತ್ತದೆ, ಬಿಗಿತ ಮಾತ್ರ ಇದ್ದಲ್ಲೇ ಇರುತ್ತದೆ. ಇದಕ್ಕೆ ಐದು ನಿಮಿಷ ಕೊಡಿ.

ಮೂರನೆಯದು ಒತ್ತು. ಎರಡು ಹುಬ್ಬುಗಳ ನಡುವಿನಿಂದ ಆರಂಭಿಸಿ ಹುಬ್ಬಿನ ಮೇಲಂಚಿನ ಗುಂಟ ಕಣತಲೆಯವರೆಗೆ ನಾಲ್ಕೈದು ಕಡೆ ಬೆರಳಿನಿಂದ ಒತ್ತಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಮೆಲ್ಲಗೆ ಬಿಡಿ. ಕಣತಲೆಯಲ್ಲಿ ಮೂಳೆ ತೆಳು, ರಕ್ತನಾಳವೂ ಹಾದುಹೋಗುತ್ತದೆ; ಅಲ್ಲಿ ಒತ್ತಡ ಬೇಡ, ಹಗುರವಾದ ವೃತ್ತಗಳು ಸಾಕು. ಆಮೇಲೆ ಒಂದು ಅಂಗೈಯಿಂದ ಅವರ ಹಣೆಗೆ ಆಸರೆ ಕೊಟ್ಟು, ಇನ್ನೊಂದು ಕೈಯ ಹೆಬ್ಬೆರಳು ಮತ್ತು ಬೆರಳುಗಳಿಂದ ತಲೆಬುರುಡೆಯ ಬುಡದ ಎರಡು ಬದಿಯ ಸ್ನಾಯುವನ್ನು ಹಿಡಿದು ಒತ್ತಿ ಬಿಡಿ. 'ಸಾಕಾ? ಇನ್ನೂ ಸ್ವಲ್ಪ ಬೇಕಾ?' ಎಂದು ಒಮ್ಮೆ ಕೇಳಿ. ಹಿತವಾದ ಒತ್ತು ಒಳ್ಳೆಯದು, ಹಲ್ಲು ಕಚ್ಚಿ ತಡೆದುಕೊಳ್ಳುವ ಒತ್ತು ಕೆಟ್ಟದ್ದು. ಕುತ್ತಿಗೆಯ ಮುಂಭಾಗ ಮತ್ತು ಗಂಟಲ ಬದಿಗಳಿಗೆ ಕೈ ಹಾಕಲೇಬಾರದು.

ನಾಲ್ಕನೆಯದು ತಟ್ಟು. ಮಳೆಹನಿ ಬಿದ್ದಂತೆ ಬೆರಳ ತುದಿಗಳಿಂದ ತಲೆಯ ತುಂಬ ಅರ್ಧ ನಿಮಿಷ ಹಗುರವಾಗಿ ತಟ್ಟಿ. ಎರಡು ಕೈ ಜೋಡಿಸಿ ಟಪಟಪ ಸದ್ದು ಮಾಡುವ ಚಂಪಿಯೂ ಇದೇ. ಮಕ್ಕಳಿಗೆ ಆ ಸದ್ದೇ ಖುಷಿ. ಮಲಗಲು ಹೊರಟವರಿಗಾದರೆ ಇದನ್ನು ಬಿಟ್ಟುಬಿಡಿ. ಕೊನೆಗೆ ಮತ್ತೆ ಮೊದಲ ಕ್ರಿಯಾಪದಕ್ಕೆ ಬನ್ನಿ: ನೀವಿ, ಕೈಯಿಟ್ಟು, ಮೆಲ್ಲಗೆ ತೆಗೆಯಿರಿ. ತಟ್ಟನೆ ಕೈ ತೆಗೆದು 'ಆಯ್ತು, ಏಳಿ' ಎನ್ನಬೇಡಿ.

ಸರಿಯಾಗಿ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ಭುಜ ಇಳಿಯುತ್ತದೆ. ದವಡೆ ಸಡಿಲವಾಗುತ್ತದೆ. ಉಸಿರು ಉದ್ದವಾಗುತ್ತದೆ. ಮಾತು ತಾನಾಗಿ ನಿಲ್ಲುತ್ತದೆ. ಮಾತು ನಿಂತರೆ ನೀವೂ ಮಾತು ನಿಲ್ಲಿಸಿ.

ಮಾಡಬಾರದ ಕ್ರಿಯಾಪದ

ತಿರುಚು ಎಂಬ ಕ್ರಿಯಾಪದ ಇಲ್ಲಿ ನಿಷಿದ್ಧ. ಕೆಲವು ಕಡೆ ಚಂಪಿಯ ಕೊನೆಗೆ ಗದ್ದ ಹಿಡಿದು ಕುತ್ತಿಗೆಯನ್ನು ತಟ್ಟನೆ ತಿರುಗಿಸಿ 'ಟಕ್' ಎನಿಸುತ್ತಾರೆ. ಹುಡುಗರು ಅದನ್ನು ನೋಡಿ ಬಂದು ಮನೆಯಲ್ಲಿ ತಮ್ಮನ ಮೇಲೆ ಪ್ರಯೋಗಿಸುತ್ತಾರೆ. ದಯವಿಟ್ಟು ಬೇಡ. ಕುತ್ತಿಗೆಯ ಮೂಳೆಗಳ ರಂಧ್ರಗಳ ಮೂಲಕವೇ ಮೆದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ಜೋರಾಗಿ ತಿರುಚಿದಾಗ ಆ ನಾಳದ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ, ಲಕ್ವ ಹೊಡೆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಪಾರ್ಲರಿನಲ್ಲಿ ತಲೆ ತೊಳೆಯಲು ಕುತ್ತಿಗೆಯನ್ನು ಬೇಸಿನ್ನಿನ ಅಂಚಿಗೆ ಅತಿಯಾಗಿ ಹಿಂದಕ್ಕೆ ಬಾಗಿಸಿದ್ದರಿಂದಲೂ ಹೀಗಾದದ್ದುಂಟು. 1993ರಲ್ಲಿ ಅಮೆರಿಕದ ನರರೋಗ ತಜ್ಞ ಮೈಕೆಲ್ ವೈನ್‌ಟ್ರಾಬ್ ಇಂಥ ಐದು ಪ್ರಕರಣಗಳನ್ನು ವರದಿ ಮಾಡಿದರು. ಇದು ಅಪರೂಪ, ನಿಜ. ಆದರೆ 'ಟಕ್' ಎಂಬ ಸದ್ದಿನಿಂದ ಸಿಗುವ ಲಾಭಕ್ಕೆ ಹೋಲಿಸಿದರೆ ಬೆಲೆ ಬಹಳ ದುಬಾರಿ.

ಹಸುಗೂಸಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಗುವಿನ ನೆತ್ತಿಯ ಮುಂಭಾಗದ ಮೆತ್ತನೆಯ ಜಾಗ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷದೊಳಗೆ ಮುಚ್ಚಿಕೊಳ್ಳುತ್ತದೆ. ಅಲ್ಲಿ ಮೂಳೆ ಇನ್ನೂ ಕೂಡಿರುವುದಿಲ್ಲ. ಎಣ್ಣೆ ಇಟ್ಟು ಒತ್ತಬಾರದು. ತಲೆಯನ್ನು ಒತ್ತಿ 'ದುಂಡಗೆ' ಮಾಡುವ ಸಾಹಸವೂ ಬೇಡ. ಕಿವಿಗೆ, ಮೂಗಿಗೆ ಎಣ್ಣೆ ಬಿಡುವ ಪದ್ಧತಿಯನ್ನು ಕೈಬಿಡಿ.

ಎಲ್ಲ ತಲೆನೋವಿಗೂ ಮಾಲಿಶ್ ಮದ್ದಲ್ಲ. ಹಿಂದೆಂದೂ ಬರದಷ್ಟು ತೀವ್ರವಾದ ನೋವು ಒಮ್ಮೆಲೇ ಬಂದರೆ, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಂಡರೆ, ಬಿದ್ದು ಪೆಟ್ಟಾದ ಮೇಲೆ ನೋವು ಬಂದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಎಣ್ಣೆಯ ಬಟ್ಟಲು ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಐವತ್ತು ದಾಟಿದವರಿಗೆ ಹೊಸದಾಗಿ ಕಣತಲೆ ನೋಯುತ್ತಿದ್ದು, ಬಾಚುವಾಗ ತಲೆ ಮುಟ್ಟಲಾಗದೆ, ಅಗಿಯುವಾಗ ದವಡೆ ಸೋತರೆ ತಡಮಾಡದೆ ವೈದ್ಯರಿಗೆ ತೋರಿಸಿ. ಕಣ್ಣಿಗೆ ಅಪಾಯ ತರುವ ರಕ್ತನಾಳದ ಕಾಯಿಲೆಯೊಂದು ಹೀಗೆ ಆರಂಭವಾಗುತ್ತದೆ. ಮಕ್ಕಳು ಶಾಲೆಯಿಂದ ಬಂದು ಪದೇಪದೇ ತಲೆನೋವು ಎಂದರೆ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಬೋರ್ಡು ಕಾಣದೆ ಕಣ್ಣು ಕಿರಿದು ಮಾಡುವ ಮಕ್ಕಳನ್ನು ನಾವು ತರಗತಿಯಲ್ಲಿ ದಿನವೂ ನೋಡುತ್ತೇವೆ.

ಎಣ್ಣೆಯ ಬಗ್ಗೆಯೂ ಇರುವುದನ್ನು ಇದ್ದಂತೆ ಹೇಳಬೇಕು. ಎಣ್ಣೆ ತಲೆಬುರುಡೆ ದಾಟಿ ಮೆದುಳಿಗೆ ಇಳಿಯುವುದಿಲ್ಲ, ನೆನಪಿನ ಶಕ್ತಿ ಹೆಚ್ಚಿಸುವುದಿಲ್ಲ. ಪರೀಕ್ಷೆಯ ಮುನ್ನಾದಿನ ಓದದೆ ಎಣ್ಣೆ ಹಚ್ಚಿಕೊಂಡು ಕೂತವರು ಎಣ್ಣೆ ಹಚ್ಚಿದ ತಲೆಯಿಂದಲೇ ಫೇಲಾಗುತ್ತಾರೆ. ಕೊಬ್ಬರಿ ಎಣ್ಣೆ ಕೂದಲೆಳೆಯೊಳಗೆ ಇಳಿದು ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ ಎಂದು ಮುಂಬೈಯ ಸಂಶೋಧಕರು 2003ರಲ್ಲಿ ತೋರಿಸಿದ್ದಾರೆ. ಇದು ಇರುವ ಕೂದಲಿನ ರಕ್ಷಣೆ, ಇಲ್ಲದ ಕೂದಲಿನ ಸೃಷ್ಟಿಯಲ್ಲ. ತಲೆಹೊಟ್ಟು ಇದ್ದವರು ಎಣ್ಣೆ ಕಡಿಮೆ ಮಾಡಬೇಕು. ಹೊಟ್ಟಿಗೆ ಕಾರಣವಾಗುವ ಸೂಕ್ಷ್ಮ ಶಿಲೀಂಧ್ರಕ್ಕೆ ಎಣ್ಣೆಯಂಶವೇ ಆಹಾರ. ಅಂಥವರಿಗೆ ಒಣ ಕೈಯಿಂದಲೇ ಮಾಡಿ. ನೆಮ್ಮದಿ ಬರುವುದು ಎಣ್ಣೆಯಿಂದಲ್ಲ, ಕೈಯಿಂದ.

ಐದು ವಾಕ್ಯಗಳ ಪ್ರಬಂಧ

ಎಂಟನೇ ತರಗತಿಯ ಮಕ್ಕಳಿಗೆ ನಾನೊಂದು ಮನೆಗೆಲಸ ಕೊಡುತ್ತೇನೆ. ಮನೆಯಲ್ಲಿ ಒಬ್ಬರ ತಲೆಗೆ ಮಾಲಿಶ್ ಮಾಡಿ, ಬಂದು ಐದು ವಾಕ್ಯ ಬರೆಯಬೇಕು. ಉರ್ದುವಿನಲ್ಲೋ ಕನ್ನಡದಲ್ಲೋ, ಅವರಿಷ್ಟ. ಹುಡುಗರು ಮೊದಲು ತಕರಾರು ಮಾಡುತ್ತಾರೆ: 'ಸರ್, ಇದು ಹುಡುಗಿಯರ ಕೆಲಸ.' ದೀನ್ ಮುಹಮ್ಮದ್ ಯಾರು ಎಂದು ಅವರಿಗೆ ಕೇಳುತ್ತೇನೆ. 1957ರ 'ಪ್ಯಾಸಾ' ಚಿತ್ರದಲ್ಲಿ ಎಣ್ಣೆ ಬಾಟಲಿ ಹಿಡಿದು ಕಲಕತ್ತೆಯ ಬೀದಿ ಸುತ್ತುವ ಮಾಲಿಶ್‌ವಾಲಾ ಅಬ್ದುಲ್ ಸತ್ತಾರ್ ಪಾತ್ರದಲ್ಲಿ ಜಾನಿ ವಾಕರ್ ಇದ್ದುದನ್ನು ನೆನಪಿಸುತ್ತೇನೆ. ಹೊರಗೆ ಹಣಕ್ಕಾಗಿ ಗಂಡಸರು ಮಾಡಿದರೆ ಕಸುಬು, ಮನೆಯಲ್ಲಿ ಪ್ರೀತಿಗಾಗಿ ಮಾಡಿದರೆ ಹುಡುಗಿಯರ ಕೆಲಸ! ಇದು ಯಾವ ನ್ಯಾಯ ಎಂದರೆ ಅವರ ಬಳಿ ಉತ್ತರವಿರುವುದಿಲ್ಲ.

ಆ ಐದೈದು ವಾಕ್ಯಗಳು ನನಗೆ ಕಲಿಸಿದಷ್ಟನ್ನು ಬಿ.ಎಡ್.ನ ಮನೋವಿಜ್ಞಾನದ ಪುಸ್ತಕ ಕಲಿಸಲಿಲ್ಲ. ಒಬ್ಬ ಹುಡುಗಿ ಬರೆದಳು: ಎಣ್ಣೆ ಬಟ್ಟಲು ಹಿಡಿದು ಹೋದಾಗ ಅಮ್ಮಿ ಕೇಳಿದ ಮೊದಲ ಮಾತು 'ಕ್ಯಾ ಹೋನಾ ತುಝೆ?' ನಿನಗೇನು ಬೇಕು? ಹೊಸ ಬಟ್ಟೆಯೋ, ಟೂರಿಗೆ ದುಡ್ಡೋ? ಏನೂ ಬೇಡ ಎಂದು ನಂಬಿಸಲು ಅವಳಿಗೆ ಹತ್ತು ನಿಮಿಷ ಹಿಡಿಯಿತಂತೆ. ಇನ್ನೊಬ್ಬ ಹುಡುಗನ ತಾಯಿ ಮಾಲಿಶ್ ಮುಗಿಯುವವರೆಗೂ ಅವರೆಕಾಯಿ ಸುಲಿಯುತ್ತಲೇ ಇದ್ದರು. ಕೈ ಸುಮ್ಮನೆ ಇಡುವುದು ಅವರಿಗೆ ತಿಳಿಯಲಿಲ್ಲ ಎಂದು ಅವನು ಬರೆದಿದ್ದ. ಮತ್ತೊಬ್ಬ ಬರೆದದ್ದು: 'ಅಬ್ಬಾನ ತಲೆಯಲ್ಲಿ ಇಷ್ಟೊಂದು ಬಿಳಿ ಕೂದಲಿರುವುದು ನನಗೆ ಗೊತ್ತಿರಲಿಲ್ಲ. ಅವರು ಯಾವಾಗಲೂ ಟೋಪಿಯಲ್ಲಿರುತ್ತಾರೆ, ಇಲ್ಲವೇ ಕೆಲಸದಲ್ಲಿರುತ್ತಾರೆ.' ಒಬ್ಬನ ಮನೆಯಲ್ಲಿ ಯಾರೂ ಒಪ್ಪಲಿಲ್ಲ. 'ಎಲ್ಲರೂ ಸಮಯವಿಲ್ಲ ಎಂದರು' ಎಂಬ ಒಂದೇ ವಾಕ್ಯ. ಅವನಿಗೂ ಪೂರ್ತಿ ಅಂಕ ಕೊಟ್ಟೆ.

ಸಭಿಕರೇ, ನಿಮ್ಮ ಮನೆಯ ಲೆಕ್ಕವನ್ನು ನೀವೇ ಹಾಕಿ. ಮನೆಮಂದಿಯ ತಲೆಗೆಲ್ಲ ಎಣ್ಣೆ ಹಚ್ಚುವವರು ಯಾರು? ಶಾಲೆಗೆ ಹೊರಡುವ ಮಗಳಿಗೆ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟುವವರು, ಜ್ವರ ಬಂದ ಮಗನ ಹಣೆ ಒತ್ತುವವರು, ಅತ್ತೆಯ ತಲೆ ಬಾಚುವವರು ಯಾರು? ಆ ಒಬ್ಬರ ತಲೆಗೆ ಕೈಯಿಡುವವರು ಯಾರು? ಮಗಳು ಮದುವೆಯಾಗಿ ಬೇರೆ ಊರಿಗೆ ಹೋದಳು. ಮಗ ಬೆಂಗಳೂರಿಗೋ ಗಲ್ಫಿಗೋ ಹೋದ. ತಿಂಗಳು ತಿಂಗಳು ಹಣ ಬರುತ್ತದೆ, ದಿನವೂ ವಿಡಿಯೋ ಕರೆ ಬರುತ್ತದೆ. ಕರೆಯಲ್ಲಿ ಮುಖ ಕಾಣುತ್ತದೆ, ಕೈ ಬರುವುದಿಲ್ಲ. ಎಲ್ಲರಿಗೂ ಕೊಟ್ಟ ಕೈಗೆ ಯಾರೂ ಕೊಡುವುದಿಲ್ಲ ಎಂಬುದನ್ನು ಅವರು ಎಂದೂ ದೂರುವುದಿಲ್ಲ. ದೂರದಿರುವುದರಿಂದಲೇ ನಮಗೆ ತಿಳಿಯುವುದಿಲ್ಲ. ನಾನು ಇಂದು ಹೇಳಬೇಕೆಂದಿದ್ದ ಮಾತು ಇದೊಂದೇ: ಮಾಲಿಶ್ ಕಲಿಯಿರಿ, ಆದರೆ ಕೇಳಿದವರಿಗಿಂತ ಮೊದಲು ಎಂದೂ ಕೇಳದವರಿಗೆ ಮಾಡಿ.

ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳಿಗೆ ನಾವು ಹೋಗುತ್ತೇವೆ. ಹಣ್ಣು ಇಡುತ್ತೇವೆ, 'ಹೇಗಿದ್ದೀರಿ?' ಎನ್ನುತ್ತೇವೆ, ಉತ್ತರ ಬಾರದಿದ್ದರೆ ಮನೆಯವರೊಡನೆ ಮಾತನಾಡಿ ಎದ್ದು ಬರುತ್ತೇವೆ. ಮಾತು ಮರೆತವರಿಗೂ ಸ್ಪರ್ಶ ತಿಳಿಯುತ್ತದೆ. ಸ್ವಂತ ಅಜ್ಜ ಅಜ್ಜಿಯ ಹಣೆಯನ್ನು ಐದು ನಿಮಿಷ ನೀವಿ, ಅವರ ಮುಖ ನೋಡುತ್ತಿರಿ. ಹುಬ್ಬು ಗಂಟಿಕ್ಕಿದರೆ ನಿಲ್ಲಿಸಿ, ಸಡಿಲವಾದರೆ ಮುಂದುವರಿಸಿ.

ಒಂದು ಎಚ್ಚರದ ಮಾತು. ಇದು ಮನೆಯೊಳಗಿನ, ಸ್ವಂತದವರ ನಡುವಿನ ಕೆಲಸ. ಮಾಡುವ ಮೊದಲು ಕೇಳಬೇಕು, ಬೇಡ ಎಂದರೆ ಬಿಡಬೇಕು, ಸಾಕು ಎಂದರೆ ಅಲ್ಲಿಗೆ ನಿಲ್ಲಿಸಬೇಕು. ವಯಸ್ಸಿಗೆ ಬಂದ ಮಕ್ಕಳು ಬೇಡ ಎಂದರೆ ಪಾಲಕರೂ ಬಲವಂತ ಮಾಡಬಾರದು. ತನ್ನ ಮೈಯ ವಿಷಯದಲ್ಲಿ 'ಬೇಡ' ಎನ್ನುವ ಹಕ್ಕು ಮಗುವಿಗೆ ಮನೆಯಲ್ಲಿ ಸಿಕ್ಕರೆ, ಹೊರಗೆ ಯಾರಾದರೂ ಮುಟ್ಟಲು ಬಂದಾಗಲೂ ಧೈರ್ಯದಿಂದ 'ಬೇಡ' ಎನ್ನುತ್ತದೆ.

ವಿದ್ಯಾರ್ಥಿಗಳೇ, ಈ ಪಾಠಕ್ಕೆ ಪರೀಕ್ಷೆಯಿಲ್ಲ, ಆದರೆ ಮನೆಗೆಲಸ ಇದೆ. ಇಲ್ಲಿಂದ ಹೋಗಿ ನಿಮ್ಮ ಮನೆಯಲ್ಲಿ ಎಂದೂ ಕೇಳದ ಆ ಒಬ್ಬರು ಯಾರು ಎಂದು ಯೋಚಿಸಿ. 'ನಿನಗೇನು ಬೇಕು?' ಎಂದು ಅವರು ಅನುಮಾನಪಟ್ಟರೆ ಬೇಸರಿಸಬೇಡಿ; ಎರಡನೇ ವಾರ ಆ ಪ್ರಶ್ನೆ ಇರುವುದಿಲ್ಲ. ವಾರಕ್ಕೆ ಒಂದು ಸಲ, ಹದಿನೈದು ನಿಮಿಷ ಸಾಕು. ಪಾಲಕರೇ, ಮಗನೋ ಮಗಳೋ ಬಟ್ಟಲು ಹಿಡಿದು ಬಂದರೆ 'ಹೋಗಿ ಓದಿಕೋ' ಎಂದು ಕಳುಹಿಸಬೇಡಿ. ಕೈಯಲ್ಲಿರುವ ಅವರೆಕಾಯಿ ಕೆಳಗಿಟ್ಟು ಕೂತುಕೊಳ್ಳಿ. ಅದೂ ಓದೇ.

 ಮನೆಗೆ ಹೋದವರೇ ಮೊದಲು ಉಗುರು ಕತ್ತರಿಸಿಕೊಳ್ಳಿ.